ದಿಲ್ಲಿಯ ಹಳೆಯ ಮೋಟಾರುಗಾಡಿಗಳು: ಜೀರ್ಣೋದ್ಧಾರದ ಒಂದು ಚರಿತ್ರೆ

೧

ಕನ್ನಡನಾಡಿನ ದಾನಶಾಸನಗಳನ್ನು ಓದಿದವರಿಗೆ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತು ಅಪರಿಚಿತವಲ್ಲ. ದೇವಾಲಯಕ್ಕಾಗಲಿ ಬಸದಿಗಾಗಲಿ ಭೂಮಿಯನ್ನು ಬಿಡುವಾಗ ಅಂಗಭೋಗ, ರಂಗಭೋಗ, ಆಹಾರದಾನಗಳ ಜೊತೆಗೆ ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವ ವೆಚ್ಚಕ್ಕೆ ಉತ್ಪತ್ತಿಯನ್ನು ಕಲ್ಪಿಸುವುದು ನಮ್ಮ ಪೂರ್ವಿಕರ ಪದ್ಧತಿಯಾಗಿತ್ತು. ಕಟ್ಟಿದ್ದು ಹಳೆಯದಾಗುತ್ತದೆ, ಹಳೆಯದಾದುದನ್ನು ಕಾಪಾಡಲು ಮೊದಲೇ ಏರ್ಪಾಡು ಬೇಕು ಎಂಬ ವಿವೇಕ ಆ ಮಾತಿನಲ್ಲಿ ಅಡಗಿದೆ.

ಜೀರ್ಣೋದ್ಧಾರದಲ್ಲಿ ಎರಡು ಬಗೆಯುಂಟು. ವಸ್ತು ಮೊದಲು ಹೇಗಿತ್ತೋ ಹಾಗೆಯೇ ಅದನ್ನು ಮರಳಿ ನಿಲ್ಲಿಸುವುದು ಒಂದು. ಕಾಲದ ಅಗತ್ಯಕ್ಕೆ ತಕ್ಕಂತೆ ಮಾರ್ಪಡಿಸಿ ಬಳಕೆಯಲ್ಲಿ ಉಳಿಸುವುದು ಇನ್ನೊಂದು. ಬೇಲೂರಿನ ಹೊಯ್ಸಳ ದೇವಾಲಯದ ಮುಂದೆ ವಿಜಯನಗರ ಕಾಲದ ಗೋಪುರ ನಿಂತಿರುವುದು ಎರಡನೆಯ ಬಗೆಗೆ ನಿದರ್ಶನ. ಯಂತ್ರಯುಗದ ವಸ್ತುಗಳಿಗೂ ಈ ವಿಂಗಡಣೆ ಸಲ್ಲುತ್ತದೆ. ಹಳೆಯ ಮೋಟಾರುಗಾಡಿಯೊಂದಕ್ಕೆ ಅದರ ಮೂಲದ ಎಂಜಿನು, ಮೂಲದ ಬಣ್ಣ, ಮೂಲದ ದೀಪಗಳನ್ನೇ ಹುಡುಕಿ ಹಾಕುವವರುಂಟು. ಬೇರೆ ಗಾಡಿಯ ಎಂಜಿನನ್ನು ಕೂರಿಸಿ ನಾಳೆಯ ಕೆಲಸಕ್ಕೆ ಅಣಿಮಾಡುವವರೂ ಉಂಟು.

ಸ್ವಾತಂತ್ರ್ಯಾನಂತರ ದಿಲ್ಲಿಯಲ್ಲಿಯೂ, ಅದರ ಸುತ್ತಣ ಗುರುಗ್ರಾಮ, ಫರೀದಾಬಾದ್, ಗಾಜಿಯಾಬಾದ್, ನೋಯ್ಡಾಗಳಲ್ಲಿಯೂ ಈ ಎರಡು ಬಗೆಯ ಕಾರ್ಯಗಳು ಹೇಗೆ ನಡೆದುವು, ಅಲ್ಪ ಆದಾಯದವರು ಹಳೆಯ ಕಾರನ್ನು ಹೇಗೆ ಕಾಪಾಡಿಕೊಂಡರು, ಕಾನೂನು ಅವರ ಯತ್ನವನ್ನು ಯಾವ ಕಾಲದಲ್ಲಿ ಹೇಗೆ ಕಂಡಿತು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಈ ಚರಿತ್ರೆಯ ಕೊನೆಯಲ್ಲಿ ಒಂದು ವಿಲಕ್ಷಣ ಸ್ಥಿತಿ ಎದುರಾಗುತ್ತದೆ. ಹದಿನೈದು ವರ್ಷ ಕಳೆದ ಕಾರು ತ್ಯಾಜ್ಯವೆನಿಸಿದೆ. ಐವತ್ತು ವರ್ಷ ಕಳೆದ ಕಾರು ಪರಂಪರೆಯೆಂದು ಗೌರವ ಪಡೆದಿದೆ. ಮೊದಲನೆಯದು ಎರಡನೆಯದಾಗಿ ಬೆಳೆಯಬೇಕಾದ ನಡುವಣ ಮೂವತ್ತೈದು ವರ್ಷಗಳಿಗೆ ಮಾತ್ರ ಯಾವ ಏರ್ಪಾಡೂ ಇಲ್ಲ.

೨

ದಿಲ್ಲಿಗೆ ಮೋಟಾರುಗಾಡಿ ಬಂದುದು ರಾಜವೈಭವದ ಅಂಗವಾಗಿ. ೧೯೧೧ರ ದರ್ಬಾರಿನ ಕಾಲಕ್ಕಾಗಲೇ ಸಂಸ್ಥಾನಾಧಿಪತಿಗಳ ಗಾಡಿಗಳು ಇಲ್ಲಿನ ರಸ್ತೆಗಳಲ್ಲಿ ಓಡಾಡಿದ್ದವು. ಆದರೆ ಹಳೆಯ ಗಾಡಿಯನ್ನು ದುರಸ್ತಿ ಮಾಡಿ ಅದರಿಂದ ಜೀವನ ಸಾಗಿಸುವ ವೃತ್ತಿ ನಗರದಲ್ಲಿ ವ್ಯಾಪಕವಾಗಿ ಬೆಳೆದುದು ೧೯೪೭ರ ತರುವಾಯ. ಇದಕ್ಕೆ ಎರಡು ಕಾರಣಗಳನ್ನು ಮುಖ್ಯವಾಗಿ ಗುರುತಿಸಬಹುದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಜೀಪು, ಟ್ರಕ್ಕು, ಮೋಟಾರು ಸೈಕಲ್ಲುಗಳು ಅಪಾರ ಸಂಖ್ಯೆಯಲ್ಲಿ ಹರಾಜಿಗೆ ಬಂದುವು. ಅದೇ ಸಮಯದಲ್ಲಿ ಪಶ್ಚಿಮ ಪಂಜಾಬಿನಿಂದ ಸರ್ವಸ್ವವನ್ನೂ ಕಳೆದುಕೊಂಡು ಬಂದ ನಿರಾಶ್ರಿತರು ಸ್ವಲ್ಪ ಬಂಡವಾಳದಿಂದ ಆರಂಭಿಸಬಹುದಾದ ಉದ್ಯೋಗವನ್ನು ಅರಸುತ್ತಿದ್ದರು. ಒಂದು ಕಡೆ ಹಳೆಯ ಯಂತ್ರ, ಇನ್ನೊಂದು ಕಡೆ ಕೆಲಸಕ್ಕೆ ಕಾದ ಕೈ: ಇವೆರಡರ ಸಂಯೋಗದಿಂದ ದಿಲ್ಲಿಯ ಗ್ಯಾರೇಜು ಬೆಳೆಯಿತು.

ಈ ಸಂಯೋಗದ ಅತ್ಯಂತ ಪ್ರಸಿದ್ಧ ಫಲ 'ಫಟ್‌ಫಟಿಯಾ'. ಯುದ್ಧದಲ್ಲಿ ದುಡಿದ ಹಾರ್ಲೆ ಡೇವಿಡ್‌ಸನ್ ಮೋಟಾರು ಸೈಕಲ್ಲಿನ ಹಿಂಭಾಗವನ್ನು ಕತ್ತರಿಸಿ, ಎರಡು ಚಕ್ರಗಳ ಪೆಟ್ಟಿಗೆಯೊಂದನ್ನು ಬೆಸೆದು, ಪ್ರಯಾಣಿಕರಿಗೆ ಆಸನಗಳನ್ನು ಹಾಕಿ ತಯಾರಿಸಿದ ಈ ವಾಹನ ಕನಾಟ್ ಪ್ಲೇಸಿಗೂ ಚಾಂದನಿ ಚೌಕಕ್ಕೂ ನಡುವೆ ದಶಕಗಳ ಕಾಲ ಓಡಿತು. ಮೂಲದ ಎಂಜಿನು ಸವೆದು ಬಿಡಿಭಾಗಗಳು ದುರ್ಲಭವಾದಾಗ ಅದರ ಸ್ಥಾನದಲ್ಲಿ ನೀರೆತ್ತುವ ಪಂಪಿಗೆ ಬಳಸುವಂಥ ಡೀಸೆಲ್ ಎಂಜಿನನ್ನು ಕೂರಿಸಿದರು. ಮುಂಭಾಗದ ಹಿಡಿಯೊಂದನ್ನು ಬಿಟ್ಟರೆ ಹಾರ್ಲೆಯದೆನ್ನಬಹುದಾದುದು ಕೊನೆಗೆ ಹೆಚ್ಚೇನೂ ಉಳಿದಿರಲಿಲ್ಲ. ಆದರೂ ಗಾಡಿ ಓಡುತ್ತಿತ್ತು, ಕುಟುಂಬಗಳು ಉಣ್ಣುತ್ತಿದ್ದವು. ೧೯೯೮ರಲ್ಲಿ ವಾಯುಮಾಲಿನ್ಯದ ಕಾರಣದಿಂದ ಅವು ರಸ್ತೆಯಿಂದ ಮರೆಯಾದವು.

ಗ್ಯಾರೇಜಿನ ಬೆನ್ನ ಹಿಂದೆ ಪೇಟೆಗಳು ಬೆಳೆದವು. ಕಾಶ್ಮೀರಿ ಗೇಟು ಬಿಡಿಭಾಗಗಳ ಸಗಟು ವ್ಯಾಪಾರಕ್ಕೆ ಹೆಸರಾಯಿತು. ಜಾಮಾ ಮಸೀದಿಯ ಸುತ್ತಣ ಗಲ್ಲಿಗಳಲ್ಲಿ ಬಳಸಿದ ಭಾಗಗಳು ದೊರೆಯುತ್ತಿದ್ದವು. ಕರೋಲ್‌ಬಾಗಿನಲ್ಲಿ ಆಸನದ ಹೊದಿಕೆ, ದೀಪ, ಹಾರನ್ನು ಮೊದಲಾದ ಅಲಂಕಾರ ಸಾಮಗ್ರಿಯ ಅಂಗಡಿಗಳು ಸಾಲುಗಟ್ಟಿದವು. ಪಹಾಡ್‌ಗಂಜಿನ ಬಳಿಯ ಮೋತಿಯಾಖಾನಿನ ಗುಜರಿ ವ್ಯಾಪಾರ ೧೯೭೦ರ ದಶಕದಲ್ಲಿ ಪಶ್ಚಿಮ ದಿಲ್ಲಿಯ ಮಾಯಾಪುರಿಗೆ ಸ್ಥಳಾಂತರಗೊಂಡು, ದೇಶದ ದೊಡ್ಡ ಗುಜರಿ ಪೇಟೆಗಳಲ್ಲಿ ಒಂದೆನಿಸಿತು. ಇಲ್ಲಿ ಒಂದು ಗಾಡಿಯ ಸಾವು ಹತ್ತು ಗಾಡಿಗಳ ಆಯುಷ್ಯವಾಗುತ್ತಿತ್ತು. ಈ ವ್ಯಾಪಾರದ ಅಪಾಯವನ್ನೂ ಮರೆಯುವಂತಿಲ್ಲ. ೨೦೧೦ರ ಏಪ್ರಿಲಿನಲ್ಲಿ ದಿಲ್ಲಿ ವಿಶ್ವವಿದ್ಯಾಲಯವು ಹರಾಜು ಹಾಕಿದ್ದ ಉಪಕರಣವೊಂದರೊಳಗಿನ ಕೋಬಾಲ್ಟ್-೬೦ ಎಂಬ ವಿಕಿರಣ ವಸ್ತು ಮಾಯಾಪುರಿಯ ಗುಜರಿಯೊಂದಿಗೆ ಸೇರಿ, ಹಲವರು ಅಸ್ವಸ್ಥರಾಗಿ, ಒಬ್ಬ ಕಾರ್ಮಿಕನು ಪ್ರಾಣವನ್ನೇ ಕಳೆದುಕೊಂಡನು.

೩

ಹಳೆಯ ಕಾರನ್ನು ಉಳಿಸಿಕೊಳ್ಳುವ ಅಭ್ಯಾಸ ಕೇವಲ ಮಿತವ್ಯಯದ ಬುದ್ಧಿಯಿಂದ ಹುಟ್ಟಿದುದಲ್ಲ. ಹೊಸ ಕಾರು ದೊರೆಯದಿದ್ದುದೇ ಅದರ ಮೂಲಕಾರಣ. ಭಾರತದಲ್ಲಿಯೇ ಮೋಟಾರುಗಾಡಿಗಳನ್ನು ತಯಾರಿಸಬೇಕೆಂದು ಮೊದಲಿಗೆ ವ್ಯವಸ್ಥಿತವಾಗಿ ಯತ್ನಿಸಿದವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಪ್ರಮುಖರೆಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ. ೧೯೩೫ರಲ್ಲಿ ಅವರು ಯೂರೋಪ್ ಮತ್ತು ಅಮೆರಿಕಗಳ ಕಾರ್ಖಾನೆಗಳನ್ನು ಸಂದರ್ಶಿಸಿ ಬಂದು ಯೋಜನೆಯೊಂದನ್ನು ಸಿದ್ಧಪಡಿಸಿದರು. ಮುಂಬಯಿಯ ಅಂದಿನ ಕಾಂಗ್ರೆಸ್ ಮಂತ್ರಿಮಂಡಲ ಅದಕ್ಕೆ ಸಹಾನುಭೂತಿ ತೋರಿತು. ಮೈಸೂರು ಸಂಸ್ಥಾನದಲ್ಲಿ ಅದನ್ನು ಕಾರ್ಯಗತಗೊಳಿಸುವ ಯತ್ನಕ್ಕೆ ಮಾತ್ರ ಬ್ರಿಟಿಷ್ ಭಾರತ ಸರ್ಕಾರದ ಸಮ್ಮತಿ ದೊರೆಯಲಿಲ್ಲ. ಈ ಪ್ರಯತ್ನದಲ್ಲಿ ಜೊತೆಯಾಗಿದ್ದ ವಾಲ್‌ಚಂದ್ ಹೀರಾಚಂದರು ೧೯೪೦ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನೂ, ೧೯೪೪ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯನ್ನೂ ಸ್ಥಾಪಿಸಿದರು. ಬಿರ್ಲಾ ಮನೆತನದ ಹಿಂದುಸ್ಥಾನ್ ಮೋಟಾರ್ಸ್ ೧೯೪೨ರಲ್ಲಿಯೇ ಆರಂಭವಾಗಿತ್ತು.

೧೯೫೩ರ ಸುಂಕ ಆಯೋಗದ ವರದಿಯನ್ನು ಅನುಸರಿಸಿ, ದೇಶದಲ್ಲಿಯೇ ಭಾಗಗಳನ್ನು ತಯಾರಿಸುವ ಕಾರ್ಯಕ್ರಮವಿಲ್ಲದೆ ಕೇವಲ ಜೋಡಣೆ ಮಾಡುತ್ತಿದ್ದ ಸಂಸ್ಥೆಗಳು ಇಲ್ಲಿ ಮುಂದುವರಿಯಬಾರದೆಂದು ಸರ್ಕಾರ ನಿರ್ಧರಿಸಿತು. ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಸಂಸ್ಥೆಗಳು ತಮ್ಮ ಜೋಡಣಾ ಕಾರ್ಖಾನೆಗಳನ್ನು ಮುಚ್ಚಿದವು. ಆಮದಿನ ನಿರ್ಬಂಧಗಳು ಬಿಗಿಯಾದುವು. ಕಾರುಗಳಲ್ಲಿ ಉಳಿದುದು ಮುಖ್ಯವಾಗಿ ಮೂರು ಹೆಸರು: ಉತ್ತರಪಾಡಾದ ಅಂಬಾಸಿಡರ್, ಮುಂಬಯಿಯ ಫಿಯಟ್, ಮದರಾಸಿನ ಸ್ಟ್ಯಾಂಡರ್ಡ್. ೧೯೫೯ರ ನಿಯಂತ್ರಣ ಆಜ್ಞೆಯಂತೆ ಕಾರುಗಳ ವಿತರಣೆಯೂ ಮಾರಾಟವೂ ಸರ್ಕಾರದ ಹಿಡಿತಕ್ಕೆ ಬಂದುವು. ಹಣ ಕಟ್ಟಿದವನು ತನ್ನ ಸರದಿಗಾಗಿ ವರ್ಷಗಟ್ಟಲೆ ಕಾಯಬೇಕಾಯಿತು. ನಿಯಂತ್ರಿತ ಬೆಲೆಗೆ ಹೊಸ ಕಾರು ಸಿಗದಿದ್ದುದರಿಂದ ಬಳಸಿದ ಫಿಯಟ್ಟು ಅದಕ್ಕಿಂತ ಹೆಚ್ಚಿನ ಬೆಲೆಗೆ ಮಾರಾಟವಾಗುವುದೂ ಉಂಟಾಯಿತು. ಅರ್ಥಶಾಸ್ತ್ರದ ಸಾಮಾನ್ಯ ನಿಯಮಕ್ಕೆ ವಿರುದ್ಧವಾಗಿ, ಸವಕಳಿಗೆ ಬದಲು ಬೆಲೆಯೇರಿಕೆ ಕಂಡ ಯಂತ್ರವಿದು.

ಇಂಥ ಪರಿಸ್ಥಿತಿಯಲ್ಲಿ ಕೇಂದ್ರ ಸರ್ಕಾರದ ನೌಕರನು ಮೋಟಾರು ಮುಂಗಡವನ್ನು ಪಡೆದು ಕೊಂಡ ಕಾರು ಒಂದು ತಲೆಮಾರಿನ ಆಸ್ತಿಯಾಗುತ್ತಿತ್ತು. ಅದನ್ನು ಕೈಬಿಟ್ಟರೆ ಮತ್ತೊಂದು ಸಿಗುವ ಭರವಸೆಯಿರಲಿಲ್ಲ. ಆದ್ದರಿಂದ ಎಂಜಿನು ಸವೆದರೆ ಮರಳಿ ಕೊರೆಯಿಸುವುದು, ತಗಡು ತುಕ್ಕು ಹಿಡಿದರೆ ಕತ್ತರಿಸಿ ಬೆಸೆಯಿಸುವುದು ಅನಿವಾರ್ಯವಾಯಿತು. ಇತರ ದೇಶಗಳಲ್ಲಿಯೂ ಇಂಥ ನಿದರ್ಶನ ಉಂಟು. ಕ್ಯೂಬಾ ದ್ವೀಪದಲ್ಲಿ ೧೯೫೯ರ ಕ್ರಾಂತಿಗೆ ಮುಂಚೆ ಬಂದ ಅಮೆರಿಕದ ಕಾರುಗಳು, ಅನಂತರದ ವ್ಯಾಪಾರ ನಿರ್ಬಂಧದ ಫಲವಾಗಿ, ರಷ್ಯದ ಎಂಜಿನುಗಳನ್ನೂ ಸ್ಥಳೀಯ ಕಮ್ಮಾರಿಕೆಯನ್ನೂ ಆಶ್ರಯಿಸಿ ದಶಕಗಳ ಕಾಲ ಓಡಿದವು. ಅಭಾವವೇ ಇಂಥ ಜೀರ್ಣೋದ್ಧಾರಕ್ಕೆ ಪ್ರೇರಕ.

೪

ಹಳೆಯ ಅಂಬಾಸಿಡರಿನ ರಚನೆಯನ್ನು ಸ್ವಲ್ಪ ತಿಳಿದುಕೊಂಡರೆ ಈ ಕೆಲಸದ ಸ್ವರೂಪ ಸ್ಪಷ್ಟವಾಗುತ್ತದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯ ಆಧಾರದ ಮೇಲೆ ೧೯೫೭ರಲ್ಲಿ ಅದು ಹೊರಬಂದಿತು. ಅದರಲ್ಲಿ ಲಾರಿಗಿರುವಂತೆ ಪ್ರತ್ಯೇಕ ಚೌಕಟ್ಟಿಲ್ಲ, ಒಡಲೇ ಚೌಕಟ್ಟು. ಆದಕಾರಣ ನೆಲದ ತಗಡಿಗೂ ಬಾಗಿಲ ಕೆಳಗಿನ ಪಟ್ಟಿಗೂ ತುಕ್ಕು ಹಿಡಿದರೆ ಅದು ಅಂದಗೇಡು ಮಾತ್ರವಲ್ಲ, ಗಾಡಿಯ ಬೆನ್ನೆಲುಬಿಗೇ ತಗುಲಿದ ರೋಗ. ಮುಂಭಾಗದಲ್ಲಿ ತಿರುಚು ಸರಳುಗಳು, ಹಿಂಭಾಗದಲ್ಲಿ ಪಟ್ಟಿ ಸ್ಪ್ರಿಂಗುಗಳು, ಸ್ಟೀರಿಂಗಿನ ಪಕ್ಕದಲ್ಲಿ ಗೇರು ಬದಲಿಸುವ ಹಿಡಿ, ೧೪೮೯ ಘನ ಸೆಂಟಿಮೀಟರಿನ ಎಂಜಿನು. ಎಲ್ಲವೂ ಸರಳ, ಸಾಮಾನ್ಯ ಉಪಕರಣಗಳಿಂದ ಬಿಚ್ಚಿ ಜೋಡಿಸಬಹುದಾದುವು.

ಎಂಜಿನಿನ ಸಿಲಿಂಡರು ಸವೆದು ಎಣ್ಣೆ ಸುಡಲಾರಂಭಿಸಿದಾಗ ಅದನ್ನು ಲೇತಿನವನ ಬಳಿಗೆ ಒಯ್ದು ಒಳಗೋಡೆಯನ್ನು ತುಸು ದೊಡ್ಡದಾಗಿ ಕೊರೆಯಿಸಿ, ಆ ಅಳತೆಗೆ ಹೊಂದುವ ದೊಡ್ಡ ಪಿಸ್ಟನ್ನನ್ನು ಹಾಕುತ್ತಿದ್ದರು. ಹಲವು ಸಾರಿ ಕೊರೆದು ಗೋಡೆ ತೆಳುವಾದ ಮೇಲೆ ಹೊಸ ತೋಳು, ಎಂದರೆ ಸ್ಲೀವು, ತೊಡಿಸಿ ಮತ್ತೆ ಮೊದಲಿನ ಅಳತೆಗೆ ತರುತ್ತಿದ್ದರು. ಹೀಗೆ ಒಂದೇ ಎಂಜಿನಿಗೆ ಎರಡು ಮೂರು ಜನ್ಮ ದೊರೆಯುತ್ತಿತ್ತು. ಇದರ ಗುಟ್ಟು ಅಗ್ಗದ ಕೂಲಿಯಲ್ಲಿದೆ. ಕೂಲಿ ದುಬಾರಿಯಾದ ದೇಶಗಳಲ್ಲಿ ಹಾಳಾದ ಭಾಗವನ್ನು ಎಸೆದು ಹೊಸದನ್ನು ಹಾಕುವುದು ಲಾಭಕರ. ಕೂಲಿ ಅಗ್ಗವೂ ಭಾಗ ದುಬಾರಿಯೂ ಆದ ದಿಲ್ಲಿಯಲ್ಲಿ ಹಾಳಾದುದನ್ನೇ ಸರಿಪಡಿಸುವುದು ಲಾಭಕರವಾಗಿತ್ತು.

ಈ ವಿದ್ಯೆ ಪುಸ್ತಕದಿಂದ ಬಂದುದಲ್ಲ. ಉಸ್ತಾದನ ಬಳಿ ಚಿಕ್ಕಂದಿನಲ್ಲಿಯೇ ಸೇರಿದ ಹುಡುಗ ಮೊದಲು ಪಾನಾ ಎತ್ತಿಕೊಡುತ್ತ, ಆಮೇಲೆ ಚಕ್ರ ಬಿಚ್ಚುತ್ತ, ಕಡೆಗೆ ಎಂಜಿನಿನ ಸದ್ದು ಕೇಳಿಯೇ ರೋಗವನ್ನು ಹೇಳುವಷ್ಟು ಪಳಗುತ್ತಿದ್ದನು. ಕಸುಬಿನ ವಿಭಾಗವೂ ಸ್ಪಷ್ಟವಾಗಿತ್ತು. ಎಂಜಿನಿನ ಮಿಸ್ತ್ರಿ ಬೇರೆ, ಲೇತಿನ ಖರಾದಿ ಬೇರೆ, ವಿದ್ಯುತ್ತಿನ ಕೆಲಸದವನು ಬೇರೆ, ತಗಡಿನ ಕೆಲಸದವನು ಬೇರೆ. ತಗಡನ್ನು ತಟ್ಟಿ ನೇರಗೊಳಿಸುವ ಕೆಲಸಕ್ಕೆ ಕನ್ನಡನಾಡಿನ ಗ್ಯಾರೇಜುಗಳಲ್ಲಿ 'ಟಿಂಕರಿಂಗ್' ಎಂಬ ಹೆಸರು ಬಳಕೆಯಲ್ಲಿದ್ದರೆ ದಿಲ್ಲಿಯಲ್ಲಿ ಅದು 'ಡೆಂಟಿಂಗ್'. ಒಂದೇ ಇಂಗ್ಲಿಷ್ ಭಾಷೆಯಿಂದ ಬಂದರೂ ದಕ್ಷಿಣದ ಮಾತು ಕೆಲಸ ಮಾಡುವ ಕಲಾಯಿಗಾರನನ್ನೂ ಉತ್ತರದ ಮಾತು ಗಾಡಿಗಾದ ತಗ್ಗನ್ನೂ ಹಿಡಿದು ಹುಟ್ಟಿರುವುದು ಭಾಷಾಶಾಸ್ತ್ರಜ್ಞರ ಗಮನಕ್ಕೆ ಅರ್ಹವಾಗಿದೆ.

ಮಿತ ವೆಚ್ಚದಲ್ಲಿ ಕಾರನ್ನು ಎತ್ತಿ ನಿಲ್ಲಿಸುವವರು ಅನುಸರಿಸಬೇಕಾದ ಕ್ರಮವೊಂದುಂಟು. ಮೊದಲು ಬ್ರೇಕು ಮತ್ತು ಸ್ಟೀರಿಂಗು, ಏಕೆಂದರೆ ಅವು ಪ್ರಾಣದ ಪ್ರಶ್ನೆ, ಆಮೇಲೆ ನೀರು ತಂಪಾಗಿಸುವ ರೇಡಿಯೇಟರು ಮತ್ತು ವಿದ್ಯುತ್ ತಂತಿಗಳು, ಅನಂತರ ತುಕ್ಕು, ಎಲ್ಲಕ್ಕೂ ಕಡೆಯಲ್ಲಿ ಬಣ್ಣ. ಹೊಸಬರು ಈ ಕ್ರಮವನ್ನು ತಲೆಕೆಳಗು ಮಾಡಿ ಬಣ್ಣಕ್ಕೂ ಹೊದಿಕೆಗೂ ಹಣವನ್ನೆಲ್ಲ ಸುರಿದು, ಎಂಜಿನಿನ ಸರದಿ ಬರುವಾಗ ಬರಿಗೈಯಾಗಿ ನಿಲ್ಲುವುದುಂಟು. ತುಕ್ಕಿನ ಮೇಲೆ ಬಳಿದ ಬಣ್ಣ ಒಂದೆರಡು ಮಳೆಗಾಲಗಳಲ್ಲಿ ಗುಳ್ಳೆಯೆದ್ದು ಉದುರುತ್ತದೆ.

ಮಾರ್ಪಾಟಿನ ಚರಿತ್ರೆಯೂ ಅಷ್ಟೇ ಸ್ವಾರಸ್ಯಕರ. ಬಿಡಿಭಾಗಗಳ ಆಮದು ನಿಂತಾಗ ಅಮೆರಿಕದ ದೊಡ್ಡ ಕಾರುಗಳಿಗೆ ಮದರಾಸಿನ ಸಿಂಪ್ಸನ್ ಸಂಸ್ಥೆ ತಯಾರಿಸುತ್ತಿದ್ದ ಪರ್ಕಿನ್ಸ್ ಡೀಸೆಲ್ ಎಂಜಿನನ್ನು ಅಳವಡಿಸಿದವರಿದ್ದರು. ೧೯೭೩ರಲ್ಲಿ ಪೆಟ್ರೋಲಿನ ಬೆಲೆ ಏಕಾಏಕಿ ಏರಿದ ಮೇಲೆ ಡೀಸೆಲ್ಲಿನ ಆಕರ್ಷಣೆ ಇನ್ನೂ ಹೆಚ್ಚಿ, ಮ್ಯಾಟಡೋರ್ ವ್ಯಾನಿನ ಎಂಜಿನು ಅಂಬಾಸಿಡರಿನ ಮೂತಿಯೊಳಗೆ ಸೇರಿತು. ಸ್ಟೀರಿಂಗಿನ ಪಕ್ಕದ ಗೇರು ಹಿಡಿಯನ್ನು ನೆಲಕ್ಕೆ ಇಳಿಸುವುದು ಮತ್ತೊಂದು ಸಾಮಾನ್ಯ ಮಾರ್ಪಾಟು. ೧೯೮೩ರ ಡಿಸೆಂಬರ್ ೧೪ರಂದು ಗುಡಗಾಂವಿನ ಕಾರ್ಖಾನೆಯ ಮೊದಲ ಮಾರುತಿ ೮೦೦ ಹೊರಬಂದ ಮೇಲೆ ಈ ಸಮಸ್ತ ಲೋಕ ಬದಲಾಯಿತು. ಮೂರು ಸಿಲಿಂಡರಿನ, ೭೯೬ ಘನ ಸೆಂಟಿಮೀಟರಿನ ಆ ಪುಟ್ಟ ಎಂಜಿನಿನ ಭಾಗಗಳು ಊರೂರಿಗೂ ತಲುಪಿದವು. ಅದೇ ಕಾರ್ಖಾನೆಯಲ್ಲಿ ಹುಟ್ಟಿದ ಜಿಪ್ಸಿಯ ೯೭೦ ಘನ ಸೆಂಟಿಮೀಟರಿನ ಎಂಜಿನನ್ನು ತೆಗೆದು ಎಸ್ಟೀಮ್ ಕಾರಿನ ೧೨೯೮ ಘನ ಸೆಂಟಿಮೀಟರಿನದನ್ನು ಕೂರಿಸುವುದು ದಿಲ್ಲಿಯ ಯುವಕರ ಪ್ರಿಯವಾದ ಸಾಹಸಗಳಲ್ಲಿ ಒಂದಾಯಿತು. ಅಭಾವದಿಂದ ಹುಟ್ಟಿದ ಮಾರ್ಪಾಟು ಈ ಹಂತದಲ್ಲಿ ಹವ್ಯಾಸದ ರೂಪವನ್ನು ತಾಳಿತು.

೫

೧೯೯೦ರ ದಶಕದಲ್ಲಿ ಹಳೆಯ ಕಾರಿನ ಮುಂದೆ ಹೊಸ ಪ್ರಶ್ನೆಯೊಂದು ನಿಂತಿತು: ಅದರ ಹೊಗೆ. ನಗರದ ಗಾಳಿ ಉಸಿರಾಟಕ್ಕೆ ಅಯೋಗ್ಯವಾಗುತ್ತಿದೆಯೆಂಬ ದೂರು ಎಂ. ಸಿ. ಮೆಹ್ತಾ ಅವರ ೧೯೮೫ರ ಅರ್ಜಿಯ ಮೂಲಕ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ೧೯೯೮ರ ಜುಲೈ ೨೮ರ ಆಜ್ಞೆ ಈ ಚರಿತ್ರೆಯಲ್ಲಿ ಒಂದು ಮೈಲಿಗಲ್ಲು. ಅದರಂತೆ ದಿಲ್ಲಿಯಲ್ಲಿ ಸೀಸ ಬೆರೆಸಿದ ಪೆಟ್ರೋಲು ನಿಲ್ಲಬೇಕಾಯಿತು. ೧೯೯೦ಕ್ಕೆ ಮುಂಚಿನ ಟ್ಯಾಕ್ಸಿ ಹಾಗೂ ಆಟೋರಿಕ್ಷಾಗಳು ಶುದ್ಧ ಇಂಧನದ ಹೊಸ ವಾಹನಗಳಿಗೆ ಸ್ಥಾನ ಬಿಟ್ಟುಕೊಡಬೇಕಾಯಿತು. ನಗರದ ಬಸ್ಸುಗಳು ಒತ್ತಡದ ನೈಸರ್ಗಿಕ ಅನಿಲಕ್ಕೆ, ಎಂದರೆ ಸಿ.ಎನ್.ಜಿ.ಗೆ, ತಿರುಗಬೇಕಾಯಿತು.

ಸೀಸದ ನಿರ್ಗಮನ ಜನಾರೋಗ್ಯಕ್ಕೆ ಮಹೋಪಕಾರ. ಹಳೆಯ ಎಂಜಿನಿಗೆ ಮಾತ್ರ ಅದು ತೊಡಕನ್ನೂ ತಂದಿತು. ಪೆಟ್ರೋಲಿನಲ್ಲಿದ್ದ ಸೀಸ ಹೊಗೆ ಹೊರಡುವ ವಾಲ್ವಿನ ಪೀಠದ ಮೇಲೆ ತೆಳುವಾದ ಲೇಪವಾಗಿ ನಿಂತು ಸವೆತವನ್ನು ತಡೆಯುತ್ತಿತ್ತು. ಆ ಲೇಪವಿಲ್ಲದೆ ಮೆದು ಕಬ್ಬಿಣದ ಪೀಠ ಕ್ರಮೇಣ ಕುಸಿಯುತ್ತದೆ. ಉಸ್ತಾದರು ಇದಕ್ಕೂ ಮದ್ದು ಕಂಡುಕೊಂಡರು: ಪೀಠವನ್ನು ಕೊರೆದು ಗಟ್ಟಿ ಉಕ್ಕಿನ ಬಳೆಯನ್ನು ಕೂರಿಸಿದರು. ಇಂಧನ ಬದಲಾದಾಗ ಯಂತ್ರವನ್ನು ಅದಕ್ಕೆ ಹೊಂದಿಸುವ ಈ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ೨೦೨೫ರಲ್ಲಿ ಪೆಟ್ರೋಲಿಗೆ ನೂರಕ್ಕೆ ಇಪ್ಪತ್ತರಷ್ಟು ಎಥನಾಲನ್ನು ಬೆರೆಸುವ ಗುರಿ ಕೈಗೂಡಿದಾಗ, ಹಳೆಯ ಗಾಡಿಗಳ ರಬ್ಬರು ಕೊಳವೆಗಳನ್ನೂ ಕಾರ್ಬುರೇಟರಿನ ಪೊರೆಗಳನ್ನೂ ಬದಲಿಸುವ ಅಗತ್ಯ ತಲೆದೋರಿತು.

ಸಿ.ಎನ್.ಜಿ. ಅಳವಡಿಕೆ ದಿಲ್ಲಿ ಕಂಡ ಅತ್ಯಂತ ವ್ಯಾಪಕವಾದ ಶಾಸನಬದ್ಧ ಮಾರ್ಪಾಟು. ಡಿಕ್ಕಿಯಲ್ಲಿ ಉಕ್ಕಿನ ಸಿಲಿಂಡರು, ಸುಮಾರು ಇನ್ನೂರು ಪಟ್ಟು ವಾಯುಭಾರದ ಒತ್ತಡದಲ್ಲಿ ತುಂಬಿದ ಅನಿಲವನ್ನು ಇಳಿಸುವ ರೆಗ್ಯುಲೇಟರು, ಕಾರ್ಬುರೇಟರಿನ ಬಾಯಿಗೆ ಜೋಡಿಸಿದ ಮಿಶ್ರಕ: ಇಷ್ಟರಿಂದ ಹಳೆಯ ಅಂಬಾಸಿಡರು ಶುದ್ಧ ಇಂಧನದ ಗಾಡಿಯಾಯಿತು. ಡಿಕ್ಕಿಯಲ್ಲಿ ಪೆಟ್ಟಿಗೆಗಳಿಗೆ ಜಾಗ ಉಳಿಯಲಿಲ್ಲ. ಎಂಜಿನಿನ ಶಕ್ತಿ ತುಸು ಕುಗ್ಗಿತು. ಆದರೆ ಓಡಾಟದ ವೆಚ್ಚ ಇಳಿಯಿತು. ಹಳೆಯ ವಾಹನವನ್ನು ನಾಶಮಾಡದೆಯೂ ಅದರ ಹೊಗೆಯನ್ನು ತಗ್ಗಿಸಬಹುದೆಂಬುದಕ್ಕೆ ಈ ನಗರವೇ ಹೀಗೆ ಸಾಕ್ಷಿಯೊದಗಿಸಿದೆ.

೬

ಇದಕ್ಕೆ ಸಮಾನಾಂತರವಾಗಿ ಜೀರ್ಣೋದ್ಧಾರದ ಇನ್ನೊಂದು ಧಾರೆ ಹರಿಯುತ್ತಿತ್ತು. ೧೯೬೪ರಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆ ದಿಲ್ಲಿಯಲ್ಲಿ ಪುರಾತನ ಕಾರುಗಳ ಮೆರವಣಿಗೆಯನ್ನು ಆರಂಭಿಸಿತು. ಅರಮನೆಗಳ ಲಾಯದಲ್ಲಿ ಧೂಳು ಹಿಡಿದಿದ್ದ ಗಾಡಿಗಳು ಮತ್ತೆ ಬೆಳಕಿಗೆ ಬಂದುವು. ನಿಜಾಮನ ರೈಲ್ವೆಗೆ ಸೇರಿದ್ದು ಅನಂತರ ದಿಲ್ಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯಕ್ಕೆ ಬಂದ, ೧೯೧೪ರ ಜಾನ್ ಮಾರಿಸ್ ಬೆಂಕಿಯಾರಿಸುವ ಗಾಡಿಯೂ ಅಲ್ಲಿ ಓಡಿ ಜನರನ್ನು ಬೆರಗುಗೊಳಿಸಿತು. ೧೯೭೧ರಲ್ಲಿ ರಾಜಧನ ರದ್ದಾದ ಮೇಲೆ ಸಂಸ್ಥಾನಿಕರ ಅನೇಕ ಕಾರುಗಳು ಕೈಬದಲಾದವು. ೧೯೫೦ಕ್ಕೆ ಮುಂಚಿನ ಕಾರುಗಳ ರಫ್ತಿಗೆ ಸರ್ಕಾರ ನಿರ್ಬಂಧ ಹಾಕಿದುದರಿಂದ ಅವುಗಳಲ್ಲಿ ಹಲವು ದೇಶದಲ್ಲಿಯೇ ಉಳಿದವು. ಗುರುಗ್ರಾಮದ ಆಚೆ ತಾವಡೂ ಬಳಿ ೨೦೧೩ರಲ್ಲಿ ತೆರೆದ ಪರಂಪರೆಯ ಸಾರಿಗೆ ವಸ್ತುಸಂಗ್ರಹಾಲಯವೂ, ಕನ್ನಡನಾಡಿನಲ್ಲಿ ಧರ್ಮಸ್ಥಳದ ಕಾರು ಸಂಗ್ರಹವೂ ಈ ಅಭಿರುಚಿಯ ಫಲಗಳು.

ಕಾನೂನೂ ಈ ಧಾರೆಗೆ ಆಶ್ರಯ ನೀಡಿತು. ೧೯೮೮ರ ಮೋಟಾರು ವಾಹನ ಅಧಿನಿಯಮದ ೫೯ನೆಯ ಪ್ರಕರಣ ವಾಹನಗಳಿಗೆ ವಯೋಮಿತಿ ವಿಧಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಡುವಾಗಲೇ ಪ್ರದರ್ಶನ, ತಾಂತ್ರಿಕ ಸಂಶೋಧನೆ ಹಾಗೂ ಪುರಾತನ ಕಾರುಗಳ ಮೆರವಣಿಗೆಗಳಿಗಾಗಿ ವಿನಾಯಿತಿಯನ್ನು ಕಲ್ಪಿಸಿತು. ೨೦೨೧ರ ಜುಲೈನ ನಿಯಮಗಳು ಐವತ್ತು ವರ್ಷ ಮೀರಿದ, ಮೂಲರೂಪದಲ್ಲಿ ಉಳಿದ, ಒಡಲನ್ನಾಗಲಿ ಎಂಜಿನನ್ನಾಗಲಿ ಗಣನೀಯವಾಗಿ ಬದಲಿಸದ ವಾಹನಕ್ಕೆ ಪ್ರತ್ಯೇಕ ನೋಂದಣಿಯನ್ನು ಸ್ಥಾಪಿಸಿದವು. ಶುಲ್ಕ ೨೦,೦೦೦ ರೂಪಾಯಿ, ಅವಧಿ ಹತ್ತು ವರ್ಷ. ನಿತ್ಯದ ಓಡಾಟಕ್ಕೆ ಅಂಥ ಗಾಡಿಯನ್ನು ಬಳಸುವಂತಿಲ್ಲ.

೭

ನಿತ್ಯದ ಓಡಾಟಕ್ಕೆ ಬೇಕಾದ ಹಳೆಯ ಕಾರಿನ ಗತಿ ಬೇರೆಯಾಯಿತು. ಅಧಿನಿಯಮದ ೪೧ನೆಯ ಪ್ರಕರಣದಂತೆ ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಗಳಿಗೆ ಸಲ್ಲುತ್ತದೆ; ಆಮೇಲೆ ವಾಹನವನ್ನು ಪರೀಕ್ಷಿಸಿ ಐದೈದು ವರ್ಷಗಳಿಗೆ ನವೀಕರಿಸಬಹುದು. ಮೂಲ ಶಾಸನದ ಆಶಯ ಸ್ಪಷ್ಟ: ಹದಿನೈದು ವರ್ಷವೆಂಬುದು ಪರೀಕ್ಷೆಯ ಗಡುವು, ಮರಣದ ಗಡುವಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ೨೦೧೪ರ ನವೆಂಬರಿನಲ್ಲಿ ಹದಿನೈದು ವರ್ಷ ಮೀರಿದ ವಾಹನಗಳು ದಿಲ್ಲಿಯಲ್ಲಿ ಓಡಬಾರದೆಂದೂ, ೨೦೧೫ರ ಏಪ್ರಿಲಿನಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳು ದಿಲ್ಲಿ ಮತ್ತು ಸುತ್ತಣ ಪ್ರದೇಶದಲ್ಲಿ ಓಡಬಾರದೆಂದೂ ಆಜ್ಞಾಪಿಸಿತು. ೨೦೧೮ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಈ ನಿರ್ಬಂಧವನ್ನು ದೃಢಪಡಿಸಿತು. ದೇಶದ ಇತರ ಭಾಗಗಳಲ್ಲಿ ಪರೀಕ್ಷೆಯಿಂದ ನಿರ್ಣಯವಾಗುವುದು ಇಲ್ಲಿ ಜನ್ಮದಿನಾಂಕದಿಂದ ನಿರ್ಣಯವಾಯಿತು.

ಮಾರ್ಪಾಟಿಗೂ ಕಟ್ಟುಪಾಡು ಬಿಗಿಯಾಯಿತು. ಅಧಿನಿಯಮದ ೫೨ನೆಯ ಪ್ರಕರಣ ಇಂಧನದ ಬದಲಾವಣೆಗೂ, ಅನುಮತಿ ಪಡೆದ ಎಂಜಿನು ಬದಲಾವಣೆಗೂ ಅವಕಾಶ ಕೊಟ್ಟರೂ, ತಯಾರಕನು ಮೂಲತಃ ಸೂಚಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಮ್ಯಾಟಡೋರ್ ಎಂಜಿನಿನ ಅಂಬಾಸಿಡರಿನ ಯುಗ ಅಲ್ಲಿಗೆ ಮುಗಿದಂತಾಯಿತು. ೨೦೨೧ರಿಂದೀಚೆಗೆ ಹಳೆಯ ಡೀಸೆಲ್ ಕಾರಿಗೆ ಮಾನ್ಯತೆ ಪಡೆದ ವಿದ್ಯುತ್ ಮೋಟಾರು ಅಳವಡಿಸಲು ದಿಲ್ಲಿ ಸರ್ಕಾರ ದಾರಿ ತೆರೆಯಿತಾದರೂ, ಅದಕ್ಕೆ ತಗಲುವ ಹಲವು ಲಕ್ಷ ರೂಪಾಯಿ ಹಳೆಯ ಕಾರಿನ ಬೆಲೆಯನ್ನೇ ಮೀರುವುದರಿಂದ ಅಲ್ಪ ಆದಾಯದವನಿಗೆ ಅದು ನಿಲುಕದ ಹಣ್ಣು.

೨೦೨೫ರಲ್ಲಿ ಘಟನೆಗಳು ವೇಗವಾಗಿ ನಡೆದುವು. ಜುಲೈ ೧ರಿಂದ ವಯಸ್ಸು ಮೀರಿದ ಗಾಡಿಗಳಿಗೆ ದಿಲ್ಲಿಯ ಬಂಕುಗಳಲ್ಲಿ ಇಂಧನ ಕೊಡಬಾರದೆಂಬ ಆದೇಶ ಜಾರಿಗೆ ಬಂದು, ಸಾರ್ವಜನಿಕರ ವಿರೋಧದಿಂದ ಕೆಲವೇ ದಿನಗಳಲ್ಲಿ ಮುಂದಕ್ಕೆ ಹೋಯಿತು. ಆಗಸ್ಟ್ ೧೨ರಂದು ಸರ್ವೋಚ್ಚ ನ್ಯಾಯಾಲಯ ಕೇವಲ ವಯಸ್ಸಿನ ಕಾರಣದಿಂದ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡವೆಂದಿತು; ಡಿಸೆಂಬರ್ ೧೭ರಂದು ಆ ರಕ್ಷಣೆಯನ್ನು ಭಾರತ್ ಸ್ಟೇಜ್ ೪ ಮತ್ತು ಅನಂತರದ ಮಟ್ಟದ ವಾಹನಗಳಿಗೆ ಸೀಮಿತಗೊಳಿಸಿತು. ಆ ಮಟ್ಟ ದಿಲ್ಲಿಯಲ್ಲಿ ಕಡ್ಡಾಯವಾದುದು ೨೦೧೦ರ ಏಪ್ರಿಲಿನಲ್ಲಿ. ಕಾರ್ಬುರೇಟರಿನ ಯುಗದ ಕಾರುಗಳೆಲ್ಲವೂ ಹೀಗೆ ರಕ್ಷಣೆಯ ಗೆರೆಯ ಆಚೆಗೆ ಉಳಿದವು. ವಯಸ್ಸಿನಿಂದ ಹೊಗೆಯ ಮಟ್ಟದ ಕಡೆಗೆ ನ್ಯಾಯಾಲಯದ ದೃಷ್ಟಿ ಹೊರಳಿದುದು ಸ್ವಾಗತಾರ್ಹ. ಆದರೆ ಈಗಲೂ ತೂಗಿ ನೋಡುತ್ತಿರುವುದು ವಾಹನದ ವರ್ಗವನ್ನು, ವಾಹನವನ್ನಲ್ಲ.

೮

ಈ ಕ್ರಮಗಳ ಉದ್ದೇಶವನ್ನು ಯಾರೂ ಅಲ್ಲಗಳೆಯಲಾರರು. ಚಳಿಗಾಲದ ದಿಲ್ಲಿಯಲ್ಲಿ ಮಕ್ಕಳೂ ವೃದ್ಧರೂ ಪಡುವ ಪಾಡು ಕಣ್ಣೆದುರಿಗಿದೆ. ಹೊಗೆಯನ್ನು ಶುದ್ಧಿಗೊಳಿಸುವ ಸಾಧನವಿಲ್ಲದ ಕಾರು ಹೊಸ ಕಾರಿಗಿಂತ ಹೆಚ್ಚು ಮಾಲಿನ್ಯವನ್ನು ಉಗುಳುವುದೂ ನಿಜ. ಲಕ್ಷಾಂತರ ವಾಹನಗಳನ್ನು ಒಂದೊಂದಾಗಿ ಪ್ರಾಮಾಣಿಕವಾಗಿ ಪರೀಕ್ಷಿಸುವುದು ಕಷ್ಟ. ವಯಸ್ಸನ್ನು ಎಣಿಸುವುದು ಸುಲಭ. ಆದರೆ ಸುಲಭವಾದ ಅಳತೆ ನ್ಯಾಯವಾದ ಅಳತೆಯೇ ಆಗಬೇಕೆಂದಿಲ್ಲ. ದಿನವೂ ನೂರು ಮೈಲಿ ಓಡುವ ಐದು ವರ್ಷದ ಡೀಸೆಲ್ ಗಾಡಿಗೂ, ವಾರಕ್ಕೊಮ್ಮೆ ತರಕಾರಿ ಪೇಟೆಗೆ ಹೋಗಿಬರುವ ಇಪ್ಪತ್ತು ವರ್ಷದ ಪೆಟ್ರೋಲ್ ಕಾರಿಗೂ ಗಾಳಿಯ ಲೆಕ್ಕದಲ್ಲಿರುವ ಅಂತರವನ್ನು ಜನ್ಮದಿನಾಂಕ ಹೇಳಲಾರದು.

ಲೆಕ್ಕಶಾಸ್ತ್ರದ ದೃಷ್ಟಿಯಿಂದಲೂ ಇದು ವಿಚಾರಾರ್ಹ. ಆದಾಯ ತೆರಿಗೆಯ ನಿಯಮದಲ್ಲಿ ಮೋಟಾರು ಕಾರಿಗೆ ಉಳಿದ ಮೌಲ್ಯದ ಮೇಲೆ ವರ್ಷಕ್ಕೆ ನೂರಕ್ಕೆ ಹದಿನೈದರಂತೆ ಸವಕಳಿ ಹಿಡಿಯುವ ಪದ್ಧತಿಯುಂಟು. ಈ ಕ್ರಮದಲ್ಲಿ ನೂರು ರೂಪಾಯಿಯ ಕಾರು ಹತ್ತು ವರ್ಷಗಳ ಕೊನೆಗೆ ಸುಮಾರು ಇಪ್ಪತ್ತು ರೂಪಾಯಿ, ಹದಿನೈದು ವರ್ಷಗಳ ಕೊನೆಗೆ ಸುಮಾರು ಒಂಬತ್ತು ರೂಪಾಯಿ ಬಾಳುತ್ತದೆ, ಎಂದಿಗೂ ಸೊನ್ನೆಯಾಗುವುದಿಲ್ಲ. ಲೆಕ್ಕಪುಸ್ತಕ ಬದುಕಿಸಿದ ಆಸ್ತಿಯನ್ನು ದಿಲ್ಲಿಯ ನಿಯಮ ಒಂದೇ ದಿನದಲ್ಲಿ ಸೊನ್ನೆಗೆ ಇಳಿಸುತ್ತದೆ. ಹೊಸ ಕಾರಿಗೆ ಸಾಲ ಪಡೆಯಬಲ್ಲವನಿಗೆ ಇದೊಂದು ಅಡಚಣೆ ಮಾತ್ರ. ನಿವೃತ್ತಿವೇತನದಲ್ಲಿ ಬದುಕುವವನಿಗೆ, ಬಳಸಿದ ಕಾರನ್ನೇ ನೆಚ್ಚಿದ ಸಣ್ಣ ವ್ಯಾಪಾರಿಗೆ ಅದು ಪೂರ್ಣ ನಷ್ಟ.

ಇತರ ದೇಶಗಳ ಪದ್ಧತಿ ಇಲ್ಲಿ ಬೋಧಪ್ರದವಾಗಿದೆ. ಜರ್ಮನಿಯಲ್ಲಿ ಮೂವತ್ತು ವರ್ಷ ತುಂಬಿದ, ಸುಸ್ಥಿತಿಯಲ್ಲಿರುವ ಕಾರಿಗೆ ಪರಂಪರೆಯ ಫಲಕ ದೊರೆಯುತ್ತದೆ. ಬ್ರಿಟನ್ನಿನಲ್ಲಿ ನಲವತ್ತು ವರ್ಷ ಮೀರಿದ ಕಾರಿಗೆ ವಾಹನ ತೆರಿಗೆಯ ವಿನಾಯಿತಿಯುಂಟು. ಆ ವಯಸ್ಸನ್ನು ಮುಟ್ಟುವ ತನಕ ಕಾಲಕಾಲಕ್ಕೆ ನಡೆಯುವ ಪರೀಕ್ಷೆಯಲ್ಲಿ ತೇರ್ಗಡೆಯಾದ ಕಾರನ್ನು ವಯಸ್ಸೊಂದರ ಕಾರಣದಿಂದ ಗುಜರಿಗೆ ಹಾಕುವ ನಿಯಮ ಅಲ್ಲಿಲ್ಲ. ಮಾಲಿನ್ಯ ಹೆಚ್ಚಿದ ನಗರಭಾಗಗಳಲ್ಲಿ ಪ್ರವೇಶಕ್ಕೆ ಶುಲ್ಕವನ್ನೋ ನಿರ್ಬಂಧವನ್ನೋ ವಿಧಿಸುತ್ತಾರೆ. ನಡುವಯಸ್ಸಿನ ಕಾರಿಗೆ ಅಲ್ಲಿ ಒಂದು ಸೇತುವೆಯಿದೆ, ದಿಲ್ಲಿಯಲ್ಲಿ ಅದಿಲ್ಲ. ಪರಿಣಾಮವೇನೆಂಬುದನ್ನು ಊಹಿಸುವುದು ಕಷ್ಟವಲ್ಲ. ಮುಚ್ಚಿದ ಗ್ಯಾರೇಜೂ ಬಿಡುವಾದ ಹಣವೂ ಇದ್ದವರ ಕಾರುಗಳು ಐವತ್ತನ್ನು ತಲುಪುತ್ತವೆ. ಸಾಮಾನ್ಯನ ಕಾರು ಅಷ್ಟು ದಿನ ಬದುಕಿರುವುದಿಲ್ಲ. ಅರಮನೆಯ ರೋಲ್ಸ್‌ರಾಯ್ಸ್ ಚರಿತ್ರೆಯಲ್ಲಿ ಉಳಿದು, ಗುಮಾಸ್ತನ ಫಿಯಟ್ಟು ಅಳಿಯುತ್ತದೆ. ಮೊದಲ ಮಾರುತಿ ೮೦೦ ಕಾರು ಕೂಡ ಮಾಲೀಕನ ನಿಧನಾನಂತರ ದಿಲ್ಲಿಯ ಬೀದಿಯಲ್ಲಿ ಬಿಸಿಲು ಮಳೆಗಳಿಗೆ ಸಿಕ್ಕಿ ಶಿಥಿಲವಾಗಿತ್ತು; ತಯಾರಕ ಸಂಸ್ಥೆಯೇ ಅದನ್ನು ಜೀರ್ಣೋದ್ಧಾರ ಮಾಡಿ ತನ್ನ ಕಚೇರಿಯಲ್ಲಿರಿಸಿತು. ಅದರ ಜೊತೆ ಹುಟ್ಟಿದ ಸಾವಿರಾರು ಕಾರುಗಳಿಗೆ ಅಂಥ ಪೋಷಕರು ಇರಲಿಲ್ಲ.

ಕಾರುಗಳೊಂದಿಗೆ ಅವುಗಳ ವಿದ್ಯೆಯೂ ಮರೆಯಾಗುತ್ತಿದೆ. ಸದ್ದಿನಿಂದಲೇ ದೋಷವನ್ನು ಗುರುತಿಸುತ್ತಿದ್ದ ಉಸ್ತಾದರ ತಲೆಮಾರು ಮುಗಿಯುತ್ತ ಬಂದಿದೆ. ಕಂಪ್ಯೂಟರು ತೋರಿಸುವ ಸಂಖ್ಯೆಯನ್ನು ನೋಡಿ ಭಾಗವನ್ನೇ ಬದಲಿಸುವ ಪದ್ಧತಿ ಅದರ ಸ್ಥಾನವನ್ನು ಆಕ್ರಮಿಸಿದೆ. ಹಳೆಯ ಗ್ಯಾರೇಜುಗಳ ರಸೀದಿಗಳು, ಕಾರಿನ ಸರ್ವೀಸು ಪುಸ್ತಕಗಳು, ಮೋಟಾರು ಮುಂಗಡದ ಕಾಗದಪತ್ರಗಳು, ಮಿಸ್ತ್ರಿಗಳ ಬಾಯಲ್ಲಿರುವ ಪಾರಿಭಾಷಿಕ ಪದಗಳು: ಇವೆಲ್ಲ ಮುಂದಿನ ಆರ್ಥಿಕ ಚರಿತ್ರಕಾರನಿಗೆ ತಾಮ್ರಪಟಗಳಷ್ಟೇ ಬೆಲೆಯುಳ್ಳವು. ದಿಲ್ಲಿಯಲ್ಲಿ ದೀರ್ಘಕಾಲ ಸರ್ಕಾರಿ ಸೇವೆಯಲ್ಲಿದ್ದ ಕನ್ನಡ ಕುಟುಂಬಗಳ ಪೆಟ್ಟಿಗೆಗಳಲ್ಲಿಯೂ ಇಂಥ ಕಾಗದಗಳು ದೊರೆಯುವ ಸಂಭವವುಂಟು. ಅವು ಕಾರುಗಳ ಹಿಂದೆಯೇ ಗುಜರಿಗೆ ಹೋಗುವ ಮೊದಲು ಸಂಗ್ರಹಿಸಿಡುವುದು, ಮಾಯಾಪುರಿ ಮತ್ತು ಕಾಶ್ಮೀರಿ ಗೇಟುಗಳ ಹಿರಿಯ ಕಸುಬುದಾರರ ಮಾತುಗಳನ್ನು ಬರೆದಿಟ್ಟುಕೊಳ್ಳುವುದು ಸಂಘಸಂಸ್ಥೆಗಳ ಕೈಯಲ್ಲಿ ಆಗಬಹುದಾದ ಕಾರ್ಯ. ಹದಿನೈದಕ್ಕೂ ಐವತ್ತಕ್ಕೂ ನಡುವಿರುವ ಕಾರಿಗೆ ಪರೀಕ್ಷೆಯ ಆಧಾರದ ಮೇಲೆ, ಸೀಮಿತವಾದ ಓಡಾಟಕ್ಕೆ, ನ್ಯಾಯವಾದ ಶುಲ್ಕದಲ್ಲಿ ಒಂದು ನೋಂದಣಿಯನ್ನು ಕಲ್ಪಿಸುವುದು ಶಾಸನಕರ್ತರ ಕೈಯಲ್ಲಿದೆ.